ಬಾಣಂತಿ ಕೋಣೆಯ ರೈಲು ಕಂಬಿ

ಅರಕಲಗೂಡಿನ ನಮ್ಮ ಬೀದಿಯಲ್ಲಿ ಮೊದಲು ಸಿಮೆಂಟಿನ ತಾರಸಿ ಮನೆ ಕಟ್ಟಿಸಿದವರು ನಮ್ಮಪ್ಪ. ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರಾಗಿದ್ದವರು ಮನೆ ಕಟ್ಟಿಸಿದ ಮೇಲೆ ತಮ್ಮಷ್ಟಕ್ಕೆ ತಾವೇ ಇಂಜಿನಿಯರೂ ಆದರು. ಮರದ ತೊಲೆಗೆ ಗೆದ್ದಲು ಹಿಡಿಯುತ್ತದೆಂದು ಹಾಸನದಿಂದ ಹಳೆಯ ರೈಲು ಕಂಬಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಅವನ್ನೇ ತಾರಸಿಗೆ ತೊಲೆ ಮಾಡಿಸಿ, ಮುಂದೆಂದೋ ಬಾಲ್ಕನಿ ಮಾಡಿಸುವ ಆಸೆಯಿಂದ ತುದಿಯನ್ನು ಗೋಡೆಯಾಚೆ ಮಾರುದ್ದ ಚಾಚಿಸಿದ್ದರು. ಬಾಲ್ಕನಿ ಬರಲಿಲ್ಲ, ಕಾಗೆಗಳು ಬಂದವು. ಎದುರಿಗಿದ್ದ ನಮ್ಮ ಹಳೇ ಮಣ್ಣಿನ ಮನೆ ದನಗಳ ಪಾಲಾಯಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚನ್ನರಾಯಪಟ್ಟಣದ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದೆ. ಮಾಗಿಯ ಚಳಿಯಲ್ಲಿ, ತಿಂಗಳು ತುಂಬುವ ಮೊದಲೇ ಮಗಳು ಹುಟ್ಟಿದಳು. ಬೆಕ್ಕಿನ ಮರಿಯಷ್ಟಿದ್ದಳು.

"ಮಗೀನ ಬೆಚ್ಚಗಿಟ್ಕಳಿ. ಬ್ಯಾರೆ ಔಸ್ದಿ ಇಲ್ಲ" ಅಂದು ನರ್ಸಮ್ಮ ಹೊರಟುಹೋದರು.

ಬೆಚ್ಚಗಿಡುವುದನ್ನು ಅವ್ವನಿಗೆ ಹೇಳಿಕೊಡಬೇಕೆ? ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದಳು. ಮಂಚದ ಪಕ್ಕ ಕೆಂಡದ ಬಾಂಡ್ಲಿ, ಸಾಂಬ್ರಾಣಿ ಹೊಗೆ, ಕೋಣೆಯ ಮೂಲೆಯಲ್ಲೇ ಕುದಿಯುವ ನೀರಿನ ಸ್ನಾನ. ನನ್ನನ್ನು ಇಡ್ಲಿಯ ಹಾಗೆ ಬೇಯಿಸಿದಳು. ಆದರೂ ಕೋಣೆ ಬೆಚ್ಚಗಾಗಲಿಲ್ಲ. ಬದಲಿಗೆ ಸೂರಿನಿಂದ ಟಪ್ಪೆಂದು ಒಂದು ಹನಿ ಮಗುವಿನ ಹಣೆಯ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ಪುರುಡು ಕಳೆಯುವ ತನಕ ಅಪ್ಪ ಬಾಣಂತಿ ಕೋಣೆಗೆ ಬರುವಂತಿರಲಿಲ್ಲ. ಹಾಗಾಗಿ ಹೊಸ್ತಿಲಾಚೆ ನಿಂತೇ ಇಂಜಿನಿಯರಿಂಗ್ ನಡೆಸಿದರು.

"ನನ್ ತಾರಸಿ ಸೋರಲ್ಲ ಕಣೇ" ಅಂದರು. ಅಂದವರೇ ಮೇಲೆ ಹತ್ತಿ ತಾರಸಿಗೆ ಟಾರು ಬಳಿದರು. ಮಳೆಯ ಸುಳಿವೇ ಇಲ್ಲದ ತಿಂಗಳಲ್ಲಿ ಟಾರು ಬಳಿದ ಪುಣ್ಯಾತ್ಮ ಜಿಲ್ಲೆಗೆ ಅವರೊಬ್ಬರೇ ಇರಬೇಕು. ಹನಿ ನಿಲ್ಲಲಿಲ್ಲ. ಅವ್ವ ದೃಷ್ಟಿ ತೆಗೆದು ಇನ್ನಷ್ಟು ಕೆಂಡ ತಂದಳು, ಇನ್ನಷ್ಟು ನೀರು ಕಾಯಿಸಿದಳು. ಹನಿ ಇನ್ನೂ ಜಾಸ್ತಿಯಾಯಿತು.

ಬಾಣಂತಿಗೆ ಸೂರು ನೋಡುವುದು ಬಿಟ್ಟರೆ ಬೇರೇನು ಕೆಲಸ? ನೋಡಿ ನೋಡಿ ನನಗೊಂದು ಹೊಳೆಯಿತು. ಹನಿ ಉದುರುತ್ತಿದ್ದುದು ಕಂಬಿಯಿಂದ ಮಾತ್ರ. ಅವ್ವ ಅತ್ತ ಹೋದಾಗ ಮಂಚದ ಮೇಲೆ ನಿಂತು ಮುಟ್ಟಿದೆ. ಕೈ ಮರಗಟ್ಟಿತು. ರಾತ್ರಿಯೆಲ್ಲ ಹೊರಗೆ ಇಬ್ಬನಿಯಲ್ಲಿ ನೆನೆದ ಕಬ್ಬಿಣ ಒಳಗೂ ಅಷ್ಟೇ ತಣ್ಣಗಿತ್ತು. ಕೋಣೆಯ ಹಬೆಯೆಲ್ಲ ಅದಕ್ಕೆ ತಗುಲಿ ನೀರಾಗುತ್ತಿತ್ತು. ಅವ್ವನ ಕೆಂಡದ ಬಿಸಿ ಅದೇ ಕಂಬಿ ಹಿಡಿದು, ಟಿಕೆಟಿಲ್ಲದೆ, ಗೋಡೆ ದಾಟಿ ಹೋಗುತ್ತಿತ್ತು.

"ಅಪ್ಪಾ, ನಾವು ಕಾಗೆಗಳ ಕಾಲಿಗೆ ಶಾಖ ಕೊಡ್ತಾ ಇದೀವಿ. ನಮ್ಮಿಬ್ರುನ್ನೂ ಹಳೇ ಮನೆಗೆ ಸಾಗಿಸಿಬುಡಿ" ಅಂದೆ.

"ಎಡ್‌ಮೇಷ್ಟ್ರ ಮಗಳು ದನದ ಕೊಟ್ಟಿಗೇಲಿ ಬಾಣಂತನ ಮಾಡ್ಕಂಡ್ಲು ಅಂತ ಊರೋರು ಆಡ್ಕಳಕ್ಕಾ?"

"ಆಡ್ಕಳ್ಳಿ ಬುಡಿ."

ಅಪ್ಪ ಶಾಲೆಗೆ ಹೊರಟೇಬಿಟ್ಟರು. ನನಗೆ ಬಂದ ಕೋಪಕ್ಕೆ ಆ ಕಂಬಿಯೇ ಕರಗಬೇಕಿತ್ತು.

ಮಾರನೆಯ ಬೆಳಿಗ್ಗೆ ಮಗು ಮೊಲೆ ಹಿಡಿಯಲಿಲ್ಲ. ಪಾದ ಮುಟ್ಟಿದರೆ ತಣ್ಣಗೆ, ತುಟಿ ನೇರಳೆ ಬಣ್ಣ. ಅಳುವುದಕ್ಕೂ ಅದಕ್ಕೆ ಶಕ್ತಿಯಿರಲಿಲ್ಲ. ಅವ್ವ "ಬನ್ರೀ ಇಲ್ಲಿ" ಎಂದು ಕಿರುಚಿದಳು.

ಅಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಾಗಿಲಿಗೆ ಬಂದರು. ಮಗುವನ್ನು ನೋಡಿದರು. ಪುರುಡು ಗಿರುಡು ಎನ್ನದೆ ಒಳಗೆ ನುಗ್ಗಿ, ಕೂಸನ್ನೆತ್ತಿ ಉಣ್ಣೆ ಕೋಟಿನೊಳಗೆ ಎದೆಗೆ ಅವುಚಿಕೊಂಡು ಬೀದಿಗಿಳಿದರು. ನಾನು ಕಂಬಳಿ ಹೊದ್ದು ಹಿಂದೆಯೇ ಓಡಿದೆ. ಬೀದಿಯಲ್ಲಿ ಹಾಲು ಕರೆಯಲು ಹೊರಟವರು, ಕಸ ಗುಡಿಸುವವರು, ಎಲ್ಲ ಇದ್ದರು.

"ಯಾಕ್ ಸಾ, ಏನಾಯ್ತು? ಕೂಸ್ನ ಎತ್ಕಂಡು ಎಲ್ಗೆ ವಂಟ್ರಿ?" ಎಂದ ಒಬ್ಬ.

"ನನ್ ಮನೆ ಥಂಡಿ ಕಣಪ್ಪಾ" ಅಂದರು ಅಪ್ಪ, ಕ್ಲಾಸಿನ ಕೊನೇ ಬೆಂಚಿಗೂ ಕೇಳುವ ಗಂಟಲಲ್ಲಿ. "ದನಕ್ಕೆ ಒಳ್ಳೇ ಮನೆ ಕೊಟ್ಟು ಮೊಮ್ಮಗಳನ್ನ ಐಸಲ್ಲಿ ಮಡಗಿದ್ದೆ."

ಹಳೇ ಮನೆಯ ಮಣ್ಣಿನ ಗೋಡೆ ಮೊಳಕ್ಕಿಂತ ದಪ್ಪ, ಅಟ್ಟದ ತುಂಬ ಹುಲ್ಲು. ಅಡ್ಡಗೋಡೆಯಾಚೆ ಎರಡು ಹಸು ಮೆಲುಕು ಹಾಕುತ್ತಿದ್ದವು. ಒಂದು ಕೆಂಡವೂ ಇಲ್ಲದೆ ಬೆಚ್ಚಗಿತ್ತು. ಅಪ್ಪ ಹುಲ್ಲಿನ ಮೇಲೆ ಕುಸಿದು ಕೂತರು. ಕೋಟು ಬಿಚ್ಚಲಿಲ್ಲ. ಆಗಾಗ ಕೊರಳಪಟ್ಟಿ ಸರಿಸಿ ಒಳಗೆ ಇಣುಕುತ್ತಿದ್ದರು. ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ, ಕಾಣದವಕ್ಕೂ ಮುಗಿದೆ.

ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಕೋಟಿನೊಳಗಿಂದ ಒಂದು ಕೀರಲು ದನಿ ಬಂತು. ಕಸಿದುಕೊಂಡು ಎದೆಗಿಟ್ಟೆ. ಮೊಲೆ ಹಿಡಿದವಳು ಎಂಥ ಜೋರಿನಲ್ಲಿ ಚೀಪಿದಳೆಂದರೆ, "ಅಯ್ಯಯ್ಯೋ" ಎಂದು ಚೀರಿಬಿಟ್ಟೆ.

ಅಪ್ಪ ಬೆದರಿ ಎದ್ದು ನಿಂತರು. "ಏನಾಯ್ತವ್ವಾ?"

"ನೋಯ್ತದಪ್ಪಾ, ನೋಯ್ತದೆ" ಎಂದು ಸಂತೋಷಕ್ಕೆ ಗಳಗಳನೆ ಅತ್ತೆ.