ಕೆಂಪು ದಾರ ಕಟ್ಟಿದ ಗಿಡ

ಬೀಜದ ಫಾರ್ಮಿನಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಾರೆ. ಅವಳ ಮನೆಯಲ್ಲಿ ಮಾತ್ರ ಕೆಂಪು ದಾರವಿಲ್ಲ. ಕೆಂಪು ಅಂಗಿಯ ಗುಂಡಿ ಬಿದ್ದರೂ ಕಪ್ಪು ದಾರದಲ್ಲೇ ಹಾಕಿಕೊಳ್ಳುತ್ತಾಳೆ.

ಮೆಕ್ಕೆಜೋಳದ ಗಂಡುಹೂ ಕೀಳುವ ಹೆಂಗಸರ ತಂಡಕ್ಕೆ ಅವಳು ಮೇಸ್ತ್ರಿ. ವಯಸ್ಸು ಐವತ್ತೆಂಟು. ಹೈಬ್ರಿಡ್ ಬೀಜ ಬೇಕೆಂದರೆ ನಾಲ್ಕು ಹೆಣ್ಣು ಸಾಲಿಗೆ ಒಂದು ಗಂಡು ಸಾಲು ಬಿತ್ತಬೇಕು. ಹೆಣ್ಣು ಸಾಲಿನ ಪ್ರತಿ ಗಿಡದ ನೆತ್ತಿಯಲ್ಲಿರುವ ಗಂಡುಹೂವನ್ನು ಪರಾಗ ಉದುರುವ ಮೊದಲೇ ಕಿತ್ತೆಸೆಯಬೇಕು. ಮೂರು ವಾರ ಕತ್ತು, ಕೈ ಎರಡೂ ಮೇಲಕ್ಕೇ ಇರುತ್ತವೆ. ಎಲೆಯಂಚು ಗರಗಸದ ಹಾಗೆ ಕೊಯ್ಯುತ್ತದೆ. ಜೊತೆಗೊಂದು ಕಟ್ಟುನಿಟ್ಟಿನ ನಿಯಮವಿದೆ: ಸಾಲಿನಲ್ಲಿ ಬೇರೆ ತರಹ ಕಂಡ ಗಿಡವನ್ನು ಬೇರುಸಮೇತ ಕೀಳಬೇಕು.

ಮೂವತ್ತು ವರ್ಷಗಳ ಹಿಂದೆ ಅವಳು ಆ ನಿಯಮವನ್ನು ಒಮ್ಮೆ ಮುರಿದಳು. ಪಕ್ಕದ ಸಾಲಿನಲ್ಲಿ ಏಳು ತಿಂಗಳ ಬಸುರಿ ತಂಗಿ ಇದ್ದಳು. ಅವಳ ಬೆರಳುಗಳು ಊದಿಕೊಂಡು ಹಿಡಿತಕ್ಕೇ ಬರುತ್ತಿರಲಿಲ್ಲ. ಆಗ ಅಕ್ಕನ ಕಣ್ಣಿಗೆ ಒಂದು ಗಿಡ ಬಿತ್ತು. ಹೂ ಇದೆ, ಒದರಿದರೆ ಪರಾಗದ ಪುಡಿಯೇ ಇಲ್ಲ.

“ನೋಡೇ ಇಲ್ಲಿ, ಗಂಡುಹೂ ಇದೆ, ಗಂಡಸ್ತನ ಇಲ್ಲ.”

“ನಮ್ಮೆಜಮಾನ್ರೂ ಹೀಗೇ ಇದ್ದಿದ್ರೆ ನಾನಿವತ್ತು ಈ ಹೊಟ್ಟೆ ಹೊತ್ಕೊಂಡು ನಿಂತಿರ್ತಿರ್ಲಿಲ್ಲ ಕಣಕ್ಕಾ,” ಎಂದಳು ತಂಗಿ. ನಕ್ಕು ಮುಗಿದ ಮೇಲೆ ಕೈ ನೀವಿಕೊಳ್ಳುತ್ತಾ ಅಂದಳು: “ಎಲ್ಲಾ ಗಿಡನೂ ಹೀಗೇ ಇದ್ರೆ ಕೀಳೋ ಕೆಲಸಾನೇ ಇರ್ತಿರ್ಲಿಲ್ಲ, ಅಲ್ವಾ?”

ಅಕ್ಕ ಆ ಗಿಡವನ್ನು ಕೀಳಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆಯ ಅಂಚಿನಿಂದ ಒಂದೆಳೆ ಕೆಂಪು ದಾರ ಎಳೆದು ಕಾಂಡಕ್ಕೆ ಕಟ್ಟಿ, ಫಾರ್ಮಿನ ಸಾಹೇಬರನ್ನು ಕರೆತಂದು ತೋರಿಸಿದಳು.

ಹತ್ತು ವರ್ಷದೊಳಗೆ ಫಾರ್ಮಿನ ಹೆಣ್ಣು ಸಾಲುಗಳೆಲ್ಲ ಆ ಒಂದು ಗಿಡದ ಸಂತತಿಯಾದವು. ಪರಾಗದ ಬರಡುತನ ತಾಯಿಗಿಡದಿಂದ ಮಗಳಿಗೆ ಇಳಿಯುತ್ತಾ ಹೋಯಿತು. ಹೂ ಕೀಳುವುದೇ ನಿಂತಿತು. ತಂಗಿಗೆ ಗೋದಾಮಿನಲ್ಲಿ ಕೂತು ಚೀಲ ಹೊಲಿಯುವ ಕೆಲಸ, ಅಕ್ಕನಿಗೆ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತು. ಸುತ್ತಲಿನ ಊರುಗಳಲ್ಲಿ ಅದು ದಾರದಕ್ಕನ ಬೀಜ ಎಂದೇ ಹೆಸರಾಯಿತು.

ಆ ಬೀಜ ಊರೂರಿಗೆ ಹಬ್ಬಿದ ಮರುವರ್ಷ, ಮೋಡ ಕವಿದ ಒಂದು ಬೆಚ್ಚನೆಯ ವಾರದಲ್ಲಿ, ಎಲೆಗಳ ಮೇಲೆ ಕಂದು ಮಚ್ಚೆಗಳು ಕಂಡವು. ಹದಿನೈದು ದಿನಕ್ಕೆ ಹೊಲಗಳು ನಿಂತಲ್ಲೇ ಒಣಗಿದವು. ದಾರಿಯ ಆಚೆ ಹಳೆಯ ಬೀಜ ಹಾಕಿದ್ದ ಒಂದೇ ಒಂದು ತುಂಡು ಹೊಲ ಹಸಿರಾಗಿತ್ತು. ಯಾರೋ ಒಬ್ಬರು ಕಪ್ಪು ಬೂಷ್ಟು ಹಿಡಿದ ತೆನೆಯೊಂದನ್ನು ಅವಳ ಹೊಸ್ತಿಲ ಮೇಲಿಟ್ಟು, ಬಾಗಿಲು ಬಡಿಯದೆ ಹೋಗಿದ್ದರು. ಯಾರೆಂದು ಅವಳು ಇವತ್ತಿಗೂ ವಿಚಾರಿಸಿಲ್ಲ.

ಲ್ಯಾಬಿನ ಮೇಡಂ ಅವಳನ್ನು ಕೂರಿಸಿ ವಿವರಿಸಿದರು. ಎಲೆಯ ಪ್ರತಿ ಜೀವಕೋಶದೊಳಗೆ ಉಸಿರಿನಿಂದ ಶಕ್ತಿ ಮಾಡುವ ಪುಟ್ಟ ಚೀಲಗಳಿವೆ. ಪರಾಗವನ್ನು ಬರಡಾಗಿಸಿದ ಪ್ರೋಟೀನು ಕೂತಿರುವುದು ಆ ಚೀಲಗಳ ಗೋಡೆಯಲ್ಲೇ. ಶಿಲೀಂಧ್ರ ಉಗುಳುವ ವಿಷ ಬಂದು ಅದಕ್ಕೆ ಅಂಟಿಕೊಂಡರೆ ಗೋಡೆಯಲ್ಲಿ ತೂತು ತೆರೆದುಕೊಳ್ಳುತ್ತದೆ, ಒಳಗಿದ್ದದ್ದು ಸೋರಿ ಜೀವಕೋಶ ಸಾಯುತ್ತದೆ. ಸತ್ತ ಎಲೆಯ ಮೇಲೆ ಶಿಲೀಂಧ್ರ ಹರಡುತ್ತದೆ. ಹಳೆಯ ಬೀಜದ ಮೆಕ್ಕೆಜೋಳದೊಳಕ್ಕೂ ಅದೇ ವಿಷ ಇಳಿಯುತ್ತದೆ, ಆದರೆ ಅಂಟಿಕೊಳ್ಳಲು ಅಲ್ಲಿ ಆ ಪ್ರೋಟೀನಿಲ್ಲ.

“ಅಂದ್ರೆ ವಿಷಕ್ಕೆ ತೆರೆದ ಬಾಗಿಲು ಗಿಡದ್ದೇ ಅನ್ನಿ,” ಎಂದಳು ಅವಳು.

“ಗಿಡದ್ದೇ. ನಿಮ್ಮ ತಪ್ಪೇನಿದೆ ಅಕ್ಕಾ ಇದ್ರಲ್ಲಿ?”

ಫಾರ್ಮು ಹಳೆಯ ಬೀಜಕ್ಕೆ ಮರಳಿತು, ಹೂ ಕೀಳುವುದು ಮತ್ತೆ ಶುರುವಾಯಿತು, ಅಕ್ಕತಂಗಿಯರು ಸಾಲಿಗೆ ಮರಳಿದರು. ಗಾಳಿಗೆ ಒಣಗರಿ ಸದ್ದು ಮಾಡಿದರೆ ಈಗಲೂ ಅವಳು ನಿಂತು ಹಿಂದೆ ನೋಡುತ್ತಾಳೆ.

ಈ ಸಲದ ಹೂವಿನ ಎರಡನೇ ವಾರ ಹನ್ನೊಂದನೇ ಸಾಲಿನಲ್ಲಿ ಅಂಥದೇ ಇನ್ನೊಂದು ಗಿಡ ಸಿಕ್ಕಿತು. ಒದರಿದಳು, ಪುಡಿಯಿಲ್ಲ. ತಂಗಿಗೀಗ ಗಂಟುವಾತ. ಪಕ್ಕದ ಸಾಲಿನಲ್ಲಿ ಒಂದೊಂದು ಹೂವಿಗೂ ಎರಡೆರಡು ಕೈ ಹಾಕುತ್ತಿದ್ದಳು. ಅಕ್ಕ ಒಂದು ಎಲೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಲ್ಯಾಬಿಗೆ ಒಯ್ದಳು.

ಮೇಡಂ ಎಲೆಗೆ ಸೂಜಿಯಿಂದ ಚುಚ್ಚಿ ಆ ಹಳೆಯ ವಿಷದ ಹನಿಯಿಟ್ಟರು. ಎರಡು ದಿನ ಅವಳು ಗಂಟೆಗೊಮ್ಮೆ ಬಂದು ಗಾಜಿನ ಮುಚ್ಚಳದ ಮೇಲೆ ಬಗ್ಗಿ ನೋಡಿದಳು. ಎಲೆ ಹಸಿರಾಗಿಯೇ ಉಳಿಯಿತು.

“ಇದ್ರಲ್ಲಿ ಆ ಬಾಗಿಲಿಲ್ಲ ಅಕ್ಕಾ! ಹೋಗಿ, ನಿಮ್ಮ ಕೈಯಾರೆ ದಾರ ಕಟ್ಬನ್ನಿ.”

“ಈ ವಿಷಕ್ಕಿಲ್ಲ, ಸರಿ. ಬೇರೆಯದಕ್ಕೆ?”

“ಇನ್ನೂ ಬರದೇ ಇರೋ ವಿಷವನ್ನ ನಾನು ಎಲ್ಲಿಂದ ತಂದು ಹಾಕ್ಲಿ, ಹೇಳಿ?”

“ಇದನ್ನೂ ಊರ ತುಂಬಾ ಹಾಕ್ತೀರಾ?”

ಮೇಡಂ ಕನ್ನಡಕ ತೆಗೆದು ಒರೆಸಿದರು. “ಅದು ಮೇಲಿನೋರು ತೀರ್ಮಾನ ಮಾಡೋದು. ಹಾಕ್ತಾರೆ.”

ಮೇಡಂ ಕೊಟ್ಟ ಕೆಂಪು ದಾರ ಹಿಡಿದು ಅವಳು ಹನ್ನೊಂದನೇ ಸಾಲಿಗೆ ಹೋದಳು. ಬುಡಕ್ಕೆ ಎರಡೂ ಕೈ ಹಾಕಿ ಗಿಡವನ್ನು ಬೇರುಸಮೇತ ಎಳೆದಳು. ಮಣ್ಣು ಒದರಿ ಸಾಲಿನ ನಡುವೆ ಮಲಗಿಸಿ, ದಾರವನ್ನು ಬೇರಿನ ಗುಣಿಗೆ ಹಾಕಿ ಕಾಲಿಂದ ಮುಚ್ಚಿದಳು.

“ಏನಕ್ಕಾ ಅದು?” ಎಂದಳು ಪಕ್ಕದ ಸಾಲಿನಿಂದ ತಂಗಿ.

“ಬೇರೆ ತರಹ ಇತ್ತು.”

ತಂಗಿ ಬಗ್ಗಿ ಆ ಹೂವನ್ನು ಅಂಗೈಗೆ ಬಡಿದು ನೋಡಿದಳು. ಅಂಗೈ ಮೇಲೆ ಏನೂ ಬೀಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಬಿಡಿಸಿ, ಅಕ್ಕನ ಮುಖ ನೋಡದೆ ಮುಂದಿನ ಗಿಡಕ್ಕೆ ಕೈ ಎತ್ತಿದಳು.