ಬೇಲಿಗೆ ಬಡಿದ ಮೂರು ಏಟು

ಸೂಚನೆ, ಮನಸ್ಸಿನ ಕರೆ ಎಂದೆಲ್ಲ ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಮಳೆ ಸಂಶೋಧನೆಯವನು ನಾನು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಜಂಬ. ಎಂಬತ್ತರ ದಶಕದ ಒಂದು ಮಧ್ಯಾಹ್ನದ ಮುಂದೆ ಮಾತ್ರ ಆ ಜಂಬ ನಡೆಯುವುದಿಲ್ಲ.

ಘಟ್ಟದಲ್ಲಿ ಮಳೆಯ ಅಬ್ಬರ ಮೊದಲಿಗಿಂತ ಹೆಚ್ಚುತ್ತಿದೆಯೇ ಎಂದು ತಿಳಿಯಲು ನಾವು ಊರೂರಿನ ದಾಖಲೆ ಕೂಡಿಸುತ್ತಿದ್ದೆವು. ಅನಮೋಡದ ಬಳಿಯ ಒಂದು ಶಾಲೆಯ ಅಂಗಳದಲ್ಲಿದ್ದ, ಬಾಟಲಿಯಲ್ಲಿ ನೀರು ಹಿಡಿಯುವ ಮಳೆಮಾಪಕವನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿನ ಜವಾನ, ಸಿದ್ದಿ ಜನಾಂಗದ ಇನಾಸಣ್ಣ. ಹಿಂದಿನ ವರ್ಷ ಅವರು ಬರೆದು ಕಳಿಸಿದ ಒಂದು ದಿನದ ಮಳೆ ನಂಬಲಾಗದಷ್ಟು ದೊಡ್ಡದಿತ್ತು. ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಅಳೆಯುವುದು ನಿಯಮ. ಅವರು ನಾಲ್ಕು ಸಲ ಅಳೆದು ಕೂಡಿಸಿದ್ದರು. ಅದೇ ನೀರನ್ನು ಮತ್ತೆ ಮತ್ತೆ ಎಣಿಸಿದ್ದಾರೆ ಎಂದು ಕೆಂಪು ಮಸಿಯಲ್ಲಿ ಹೊಡೆದು ಹಾಕಿದವನು ನಾನೇ. ಊರಲ್ಲಿ ಅವರಿಗೆ ಸುಳ್ಳುಗಾರನೆಂಬ ಹೆಸರು ಬಂತು.

ಮುಂದಿನ ಮಳೆಗಾಲ ನಾನೇ ಅಲ್ಲಿಗೆ ಹೋದೆ. ಅವರು ಬೈಯಲಿಲ್ಲ. "ಸಾಹೇಬ್ರ, ಬಾಟ್ಲಿ ತುಂಬಿ ಹೊರಗ ಹರದ್ರ ಲೆಕ್ಕ ಎಲ್ಲಿ ಉಳೀತೈತ್ರಿ? ಅದಕ್ಕ ನಡುನಡುವ ಅಳದು ಚೆಲ್ಲಿದೆ," ಎಂದರು. ಅಷ್ಟು ಮಳೆ ಬರುತ್ತದೆಂದು ನಾನು ಆಗಲೂ ನಂಬಲಿಲ್ಲ.

ಮಾಪಕದ ಬೇಲಿಯ ತಗಡಿನ ಗೇಟು ತೆಗೆಯುವ ಮೊದಲು ಕೋಲಿನಿಂದ ಮೂರು ಏಟು ಹಾಕುವುದು ಅವರ ರೂಢಿ. ಒಳಗೆ ಹಾವಿದ್ದರೆ ಸರಿದು ಹೋಗಲಿ ಎಂದು.

ಒಂದು ದಿನ ಅವರು ಗೇಟಿನ ಕೀಲಿಕೈ ನನಗೆ ಕೊಟ್ಟು, ಹೆಂಡತಿಯ ಔಷಧಿಗಾಗಿ ಹಳಿಯಾಳಕ್ಕೆ ಹೋದರು. ಮರುದಿನ ಎಂಟೂವರೆಗೆ ನಾನು ಅಳೆದು ಬಂದ ಮೇಲೆ ಮಳೆ ಹಿಡಿಯಿತು. ಅಬ್ಬಾ, ಅಂಥ ಮಳೆ! ಹಳ್ಳ ಉಕ್ಕಿ ಬಸ್ಸುಗಳು ನಿಂತವು. ನಾನು ಉಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲಿ ಹೊದ್ದು ಕುಳಿತಿದ್ದೆ. ಮಧ್ಯಾಹ್ನ ಗೇಟಿಗೆ ಮೂರು ಏಟು ಬಿದ್ದವು, ಮಳೆಯ ಆ ಸದ್ದಿನಲ್ಲೂ ಸ್ಪಷ್ಟವಾಗಿ.

ಇನಾಸಣ್ಣ ಬಂದರೆಂದು ಓಡಿದೆ. ಯಾರೂ ಇಲ್ಲ. ಬೀಗ ಹಾಕಿದಂತೆಯೇ ಇತ್ತು. ಹೇಗೂ ನೆನೆದಾಗಿದೆ ಎಂದು ಒಳಹೊಕ್ಕು ನೋಡಿದರೆ ಬಾಟಲಿ ಕಂಠಮಟ್ಟ ತುಂಬಿತ್ತು. ಅಳೆದು ಬರೆದು ಚೆಲ್ಲಿದೆ. ಸಂಜೆ ಮತ್ತೆ ಮೂರು ಏಟು, ಮತ್ತೆ ತುಂಬಿದ ಬಾಟಲಿ. ಆಮೇಲೆ ಯಾರೂ ಕರೆಯಬೇಕಾಗಲಿಲ್ಲ; ತಾಸಿಗೊಮ್ಮೆ ನಾನೇ ಹೋದೆ.

ಮರುದಿನ ಎಂಟೂವರೆಗೆ ಕೂಡಿಸಿದೆ. ನಾನು ಹೊಡೆದು ಹಾಕಿದ್ದ ಅಂಕಿಗಿಂತಲೂ ಹೆಚ್ಚು! ಮಳೆಯಲ್ಲೇ ನಿಂತು "ಗೆದ್ರಿ ಇನಾಸಣ್ಣ!" ಎಂದು ಒಬ್ಬನೇ ಕೂಗಿದೆ.

ಹಳ್ಳ ಇಳಿದ ಮೇಲೆ ಅವರು ಬಂದರು. ಪುಸ್ತಕ ತೋರಿಸಿ ಏಟಿನ ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದರು. "ಹಳಿಯಾಳ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕೊಂಡಿದ್ದೆರಿ. ಸಾಹೇಬ್ರು ನಾಳೆ ಎಂಟೂವರಿ ತನಕ ನೋಡೂದಿಲ್ಲ, ಬಾಟ್ಲಿ ಹರದ್ ಹೋಗತೈತಿ ಅಂತ ಜೀವ ತಡೀಲಿಲ್ಲ. ಕಂಬಕ್ಕ ಕೋಲು ಬಡಕೋತ ಕುಂತಿದ್ದೆ," ಎಂದರು. ಎಷ್ಟು ಏಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವರ ಹಳೆಯ ಅಂಕಿಯನ್ನು ನನ್ನ ಕೈಯಾರೆ ಮತ್ತೆ ದಾಖಲೆಗೆ ಸೇರಿಸಿದೆ. ಹೆಡ್‌ಮಾಸ್ತರರು ಅದನ್ನು ಇಡೀ ಶಾಲೆಯ ಮುಂದೆ ಓದಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಇನಾಸಣ್ಣ ಹೊಸ ಅಂಗಿ ತೊಟ್ಟು ಎದೆಯೆತ್ತಿ ನಿಂತಿದ್ದರು.

ನಿಯಮ ಮೀರಿ ನಡುವೆ ಅಳೆದದ್ದೇಕೆ ಎಂದು ವರದಿಯಲ್ಲಿ ಕಾರಣ ಕೊಡಬೇಕಿತ್ತು. "ವೀಕ್ಷಕರ ಸೂಚನೆಯ ಮೇರೆಗೆ" ಎಂದು ಬರೆದೆ; ದಾಖಲೆಯಲ್ಲಿ ವೀಕ್ಷಕರೆಂದರೆ ಇನಾಸಣ್ಣ. ಸೂಚನೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಇವತ್ತಿಗೂ ತಿಳಿಯದು.