ಬಾಗೇವಾಡಿಯಲ್ಲಿ ತೋರಿಸಿದ ಸ್ಲೈಡುಗಳು

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಗ ನಾನು ವಿಜಾಪುರ ಜಿಲ್ಲೆಯ ಇಂಡಿ ಊರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಧಾರವಾಡದಲ್ಲಿ ಜೊತೆಗೆ ಓದಿದ ಗೆಳತಿ ಒಂದು ಸೀಡಿ ಕೊಟ್ಟಿದ್ದಳು. ಅದರಲ್ಲಿದ್ದ ತಂತ್ರಾಂಶದಿಂದ ಗಣಿತದ ಸ್ಲೈಡುಗಳನ್ನು ಮಾಡಬಹುದಿತ್ತು. ಮೌಸಿನಿಂದ ಆಗುವ ಕೆಲಸವಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡಬೇಕು. ವರ್ಗಮೂಲಕ್ಕೊಂದು ಪದ, ಭಿನ್ನರಾಶಿಗೊಂದು ಪದ, ಎಲ್ಲದರ ಸುತ್ತ ಆವರಣ ಚಿಹ್ನೆಗಳು.

ಮೂರು ದಿನ ಕೂತರೂ ಅದು ನನಗೆ ಒಲಿಯಲಿಲ್ಲ. ಏನು ಟೈಪು ಮಾಡಿದರೂ ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ. ಕಡೆಗೆ ಆಫೀಸಿನ ಟೈಪಿಸ್ಟರನ್ನು ಕರೆದೆ. ಮೋರಟಗಿ ಕಡೆಯವರು, ಐವತ್ತು ದಾಟಿದವರು, ನಮ್ಮ ಪ್ರಶ್ನೆಪತ್ರಿಕೆಗಳನ್ನೆಲ್ಲ ಟೈಪು ಮಾಡುತ್ತಿದ್ದವರು. ಸೀಡಿಯ ಜೊತೆಗಿದ್ದ ಸೂಚನೆಗಳ ಹಾಳೆಯನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದರು.

“ಮೇಡಂ, ಈ ತಂತ್ರಾಂಶನ ಎಲ್ಲಿ ಇಟ್ಟೇವಿ ಅಂತ ಕಂಪ್ಯೂಟರ್‌ಗೆ ತಿಳಿಸೇ ಇಲ್ರಿ.”

ಅವರು ಒಂದು ಸಾಲು ಸೇರಿಸಿದರು. ತಂತ್ರಾಂಶ ನಡೆಯಿತು.

ಮುಂದೆ ಎರಡು ವಾರ, ಆಫೀಸು ಮುಗಿದ ಮೇಲೆ ಅವರು ದಿನಾ ಒಂದು ತಾಸು ಕೂತರು. ನಾನು ಹಾಳೆಯ ಮೇಲೆ ಸಮೀಕರಣ ಬರೆದುಕೊಟ್ಟೆ, ಉಳಿದದ್ದೆಲ್ಲ ಅವರದೇ. ಮೊದಲ ಸ್ಲೈಡಿನಲ್ಲಿ ನನ್ನ ಹೆಸರೊಂದನ್ನೇ ಹಾಕಿದವರೂ ಅವರೇ. ನಾನು ಬೇಡ ಅನ್ನಲಿಲ್ಲ.

ಬಸವನ ಬಾಗೇವಾಡಿಯ ವಿಚಾರ ಸಂಕಿರಣಕ್ಕೆ, ಕಂಪ್ಯೂಟರು ನೋಡಿಕೊಳ್ಳಲು ಅವರೂ ಬಂದರು. ಗೋಡೆಯ ಮೇಲೆ ಸಮೀಕರಣಗಳು ಮುದ್ರಿಸಿದ ಪುಸ್ತಕದಂತೆ ಮೂಡಿದವು. ಹಿರಿಯ ಪ್ರಾಧ್ಯಾಪಕರೊಬ್ಬರು ಕೇಳಿದರು, “ಭಾಳ ಚಂದ ಆಗ್ಯಾವು. ಯಾರು ಮಾಡಿಕೊಟ್ರು?”

“ನಾನೇ ಮಾಡೇನ್ರಿ,” ಎಂದೆ. ಟೈಪಿಸ್ಟರು ಮೂರು ಮಾರು ದೂರದಲ್ಲಿ ಕೂತಿದ್ದರು.

“ಹಂಗಾರ ಆರನೇದ್ರಾಗ ಒಂದು ಚಿಹ್ನೆ ತಪ್ಪೈತಿ. ಈಗೇ ತಿದ್ದಿ ತೋರಸ್ರಿ. ಹೆಂಗ ಮಾಡ್ತೀರಿ ಅಂತ ನಾವೂ ನೋಡ್ತೇವಿ.”

ಅವರು ಕುತೂಹಲದಿಂದಲೇ ಕೇಳಿದ್ದರು. ನಾನು ಕೂತು ಟೈಪು ಮಾಡಿದೆ. ಗೋಡೆಯ ತುಂಬ ತಪ್ಪುಗಳ ಪಟ್ಟಿ ಬಂತು. ಮತ್ತೆ ಮಾಡಿದೆ, ಪಟ್ಟಿ ಇನ್ನೂ ಉದ್ದವಾಯಿತು. ಹಿಂದೆ ಯಾರೋ ಕೆಮ್ಮಿದರು.

ಟೈಪಿಸ್ಟರು ಎದ್ದು ಬಂದರು. “ಈ ಕೀಬೋರ್ಡ್ ಸ್ವಲ್ಪ ಕೆಟ್ಟೈತ್ರಿ, ಸರ. ಮೇಡಂ ಅವ್ರಿಗೆ ಇದು ರೂಢಿ ಇಲ್ಲ.” ಕೀಬೋರ್ಡು ಸರಿಯಾಗಿಯೇ ಇತ್ತು. ನಿಂತುಕೊಂಡೇ ತಿದ್ದಿ, ತಮ್ಮ ಜಾಗಕ್ಕೆ ಹೋಗಿ ಕೂತರು. ಸಭೆ ಚಪ್ಪಾಳೆ ತಟ್ಟಿತು, ನನಗೆ.

ಮರಳುವಾಗ ವಿಜಾಪುರದ ಬಸ್ಸಿನಲ್ಲಿ ಹೇಳಿದೆ, “ಅಲ್ಲಿ ನಾ ನಿಮ್ಮ ಹೆಸರು ಹೇಳಬೇಕಾಗಿತ್ತು.”

“ಹೇಳಬೇಕಾಗಿತ್ತ್ರಿ,” ಎಂದರು. ಹೋಗಲಿ ಬಿಡ್ರಿ ಎನ್ನುತ್ತಾರೆಂದು ಕಾದೆ. ಅವರು ಕಿಟಕಿಯತ್ತ ತಿರುಗಿದರು.

ಆಮೇಲೆಯೂ ಎದುರಾದಾಗ ನಮಸ್ಕಾರ ತಪ್ಪಿಸಲಿಲ್ಲ. ಆದರೆ ಇನ್ನೊಂದು ಸಂಕಿರಣಕ್ಕೆಂದು ನಾನು ಹಾಳೆ ಹಿಡಿದು ಹೋದಾಗ ಕೇಳಿದರು, “ಇದು ಆಫೀಸ್ ಕೆಲಸ ಏನ್ರಿ?” ಅಲ್ಲ ಎಂದು ಮರಳಿದೆ. ಬೇಸಿಗೆ ರಜೆ ಪೂರ್ತಿ ಒಬ್ಬಳೇ ಕೂತು ಕಲಿತೆ. ಮುದ್ದೇಬಿಹಾಳದಲ್ಲಿ ಸ್ಲೈಡು ತೋರಿಸುವ ಮುಂಚೆ, ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ಟೈಪಿಸ್ಟರು ಎಂದು ಹೆಸರು ಸಮೇತ ಹೇಳಿದೆ. ಅಲ್ಲಿ ಅವರನ್ನು ಬಲ್ಲವರು ಒಬ್ಬರೂ ಇರಲಿಲ್ಲ.

ನಮ್ಮ ಕಾಲೇಜಿನಲ್ಲಿ ಮಾತ್ರ ಅದನ್ನು ಹೇಳಲು ಬಾಯಿ ಬರಲಿಲ್ಲ. ನಿವೃತ್ತರಾದ ಟೈಪಿಸ್ಟರ ಬೀಳ್ಕೊಡುಗೆಯ ದಿನ ನನಗೂ ಎರಡು ಮಾತು ಆಡಲು ಹೇಳಿದರು. ಎಲ್ಲರೂ ಇದ್ದರು, ಅವರು ಹಾರ ಹಾಕಿಕೊಂಡು ಎದುರಿಗೇ ಕೂತಿದ್ದರು. ನಾನು ಅವರ ಸಮಯಪಾಲನೆಯನ್ನು ಹೊಗಳಿ ಕೆಳಗಿಳಿದೆ.